ರೋಮನ್ ಗಣರಾಜ್ಯದ ಆರಂಭಕಾಲವನ್ನು ಓದುವುದು ಹೇಗೆ? ಸಾಲಗಾರನಿಂದ ಆರಂಭಿಸುವ ಒಂದು ಸಮಗ್ರ ಮಾರ್ಗದರ್ಶಿ

ಇಬ್ಬರು ಕಾನ್ಸಲ್‌ಗಳು, ಮುನ್ನೂರು ಮಂದಿಯ ಸೆನೆಟ್, ಹತ್ತು ಟ್ರಿಬ್ಯೂನರು, ಇಬ್ಬರು ಸೆನ್ಸರ್‌ಗಳು. ರೋಮನ್ ಗಣರಾಜ್ಯದ ಪಾಠ ಸಾಮಾನ್ಯವಾಗಿ ಇಂಥದೊಂದು ಪಟ್ಟಿಯಿಂದ ಶುರುವಾಗುತ್ತದೆ. ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆ ಮುಗಿದ ವಾರದಲ್ಲೇ ಅದನ್ನು ಮರೆಯುತ್ತಾನೆ. ತಪ್ಪು ಅವನದಲ್ಲ. ಯಾವ ಹುದ್ದೆ ಯಾವ ಜಗಳದಿಂದ ಹುಟ್ಟಿತು, ಯಾರ ಕೈ ಕಟ್ಟಲು ಹುಟ್ಟಿತು ಎಂಬುದನ್ನು ಪಟ್ಟಿ ಹೇಳುವುದೇ ಇಲ್ಲ.

ಇಲ್ಲಿ ನಾನು ಸೂಚಿಸುವುದು ಇದಕ್ಕೆ ವಿರುದ್ಧವಾದ ದಾರಿ. ವರ್ಷಕ್ಕೊಮ್ಮೆ ಆರಿಸುವ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್‌ನಿಂದ ಕೆಳಗಿಳಿಯುವ ಬದಲು, ಸಾಲ ತೀರಿಸಲಾಗದೆ ಸಂಕೋಲೆಗೆ ಬಿದ್ದ ರೈತನಿಂದ ಮೇಲಕ್ಕೆ ಹೋಗಿ. ಆ ಕಾಲದ ರೋಮಿನ ಬಹುಪಾಲು ಸಂಸ್ಥೆಗಳು ಅವನ ಬೆನ್ನ ಮೇಲಿನ ಬಾಸುಂಡೆಗೆ ಯಾವುದೋ ರೀತಿಯಲ್ಲಿ ಉತ್ತರ ಹೇಳುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ನೋಟ್‌ಪುಸ್ತಕ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ನಡುನಡುವೆ ಗೆರೆ ಎಳೆಯುವ, ಲೆಕ್ಕ ಹಾಕುವ ಕೆಲಸವಿದೆ.

ಹೆಜ್ಜೆ 1: ಕಾಲದ ಗಡಿ ಹಾಕಿ, ಆಕರಗಳನ್ನು ತೂಗಿ ನೋಡಿ

ಪುಟದ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಎಡತುದಿಯಲ್ಲಿ ಕ್ರಿ.ಪೂ. 509, ಬಲತುದಿಯಲ್ಲಿ ಕ್ರಿ.ಪೂ. 287 ಎಂದು ಬರೆಯಿರಿ. ಮೊದಲನೆಯದು ಕೊನೆಯ ಅರಸ ಟಾರ್ಕ್ವಿನಿಯಸ್ ಸೂಪರ್ಬಸ್‌ನನ್ನು ಓಡಿಸಿದ ಸಾಂಪ್ರದಾಯಿಕ ವರ್ಷ, ಎರಡನೆಯದು ಸಾಮಾನ್ಯ ಜನರ ಸಭೆಯ ನಿರ್ಣಯವನ್ನು ಇಡೀ ರೋಮಿಗೆ ಕಡ್ಡಾಯ ಮಾಡಿದ ಹಾರ್ಟೆನ್ಸಿಯನ್ ಕಾನೂನಿನದು. ಕ್ರಿ.ಪೂ. ಎಣಿಕೆಯಲ್ಲಿ ಅಂಕಿ ಇಳಿದಂತೆ ಕಾಲ ಮುಂದೆ ಸರಿಯುತ್ತದೆ. ಹೊಸಬರು ಇದೊಂದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಮುಂದೆ ಬರುವ ವರ್ಷಗಳೆಲ್ಲ ಕ್ರಿ.ಪೂ. ಎಂದೇ ತಿಳಿಯಿರಿ.

ಈ ಕಾಲದ ಕಥೆಯನ್ನು ನಮಗೆ ವಿವರವಾಗಿ ಹೇಳುವವರು ಇತಿಹಾಸಕಾರರಾದ ಲಿವಿ ಮತ್ತು ಹ್ಯಾಲಿಕಾರ್ನಾಸಸ್‌ನ ಡಯೋನೀಸಿಯಸ್. ಇಬ್ಬರೂ ಬರೆದದ್ದು ಆಗಸ್ಟಸ್‌ನ ಕಾಲದಲ್ಲಿ, ಅಂದರೆ ಗಣರಾಜ್ಯ ಹುಟ್ಟಿ ಐದು ಶತಮಾನ ಕಳೆದ ಮೇಲೆ. ಸುಮಾರು 390ರಲ್ಲಿ ಗಾಲರು ನಗರವನ್ನು ಸುಟ್ಟಾಗ ಹಳೆಯ ದಾಖಲೆಗಳಲ್ಲಿ ಹೆಚ್ಚಿನವು ನಾಶವಾದವು ಎಂದು ಸ್ವತಃ ಲಿವಿಯೇ ಹೇಳುತ್ತಾನೆ. ಹಾಗೆಂದು ಎಲ್ಲವನ್ನೂ ಕಟ್ಟುಕಥೆಯೆಂದು ತಳ್ಳಿಹಾಕಬೇಕಿಲ್ಲ. ಓದುತ್ತ ಹೋದಂತೆ ಅಂಚಿನಲ್ಲಿ ಮೂರು ಗುರುತುಗಳಲ್ಲಿ ಒಂದನ್ನು ಹಾಕಿ: ‘ಗಟ್ಟಿ’, ‘ಸಂಪ್ರದಾಯ’, ‘ಕಥೆ’. ರೋಮಿನ ಮೊದಲ ಲಿಖಿತ ಕಾನೂನಾದ ಹನ್ನೆರಡು ಫಲಕಗಳ ವಾಕ್ಯಗಳು ನಂತರದ ಲೇಖಕರ ಉದ್ಧರಣೆಗಳಲ್ಲಿ ಹಳೆಯ ಭಾಷೆಯ ಕುರುಹನ್ನು ಉಳಿಸಿಕೊಂಡಿವೆ. ಅವು ‘ಗಟ್ಟಿ’. ಜನಸಾಮಾನ್ಯರನ್ನು ಕಾಯುವ ಟ್ರಿಬ್ಯೂನ್ ಹುದ್ದೆ ಇದ್ದದ್ದು ನಿಶ್ಚಯ, ಅದು 494ರಲ್ಲೇ ಹುಟ್ಟಿತೆಂಬುದು ‘ಸಂಪ್ರದಾಯ’. ಮುನಿದು ನಗರ ಬಿಟ್ಟು ಹೊರಟ ಜನರಿಗೆ ಸೆನೆಟ್ ಕಳಿಸಿದ ಮೆನೇನಿಯಸ್ ಅಗ್ರಿಪ್ಪ ಹೊಟ್ಟೆ ಮತ್ತು ಅಂಗಾಂಗಗಳ ದೃಷ್ಟಾಂತ ಹೇಳಿ ಮನವೊಲಿಸಿದನೆಂಬುದು ‘ಕಥೆ’.

ಹೆಜ್ಜೆ 2: ಮನೆಯೊಳಗೆ ಹೋಗಿ

ರೋಮಿನಲ್ಲಿ ಅಧಿಕಾರದ ಮೊದಲ ರೂಪ ಕಾಣುವುದು ಸೆನೆಟ್‌ನಲ್ಲಲ್ಲ, ಮನೆಯಲ್ಲಿ. ಮನೆಯ ಯಜಮಾನನಿಗೆ ‘ಪೇಟರ್ ಫ್ಯಾಮಿಲಿಯಾಸ್’ ಎಂದು ಹೆಸರು. ಅವನು ಬದುಕಿರುವವರೆಗೆ ಮಕ್ಕಳಿಗೆ ಸ್ವಂತ ಆಸ್ತಿ ಇಲ್ಲ. ಮಗ ಬೆಳೆದು ಕಾನ್ಸಲ್ ಆದರೂ ಮನೆಯಲ್ಲಿ ತಂದೆಯ ಅಧೀನ. ತಂದೆ ಮಗನನ್ನು ಮೂರು ಬಾರಿ ಮಾರಿದರೆ ಮಗ ತಂದೆಯ ಅಧಿಕಾರದಿಂದ ಬಿಡುಗಡೆ ಹೊಂದುತ್ತಾನೆಂದು ಹನ್ನೆರಡು ಫಲಕಗಳು ಹೇಳುತ್ತವೆ. ಕಾನೂನು ಮಿತಿ ಹಾಕಬೇಕಾಯಿತೆಂದರೆ ಮಾರುವ ಹಕ್ಕು ಎಷ್ಟು ಸಹಜವಾಗಿತ್ತೆಂದು ಊಹಿಸಿ. ಮದುವೆಯಾದ ಹೆಣ್ಣು ಹೆಚ್ಚಿನ ಪಾಲು ತಂದೆಯ ಕೈಯಿಂದ ಗಂಡನ ಕೈಗೆ ದಾಟುತ್ತಿದ್ದಳು. ಮತದಾನವಾಗಲಿ ಹುದ್ದೆಯಾಗಲಿ ಅವಳಿಗೆ ಇರಲಿಲ್ಲ. ಗುಲಾಮರು ಮನೆಯ ಆಸ್ತಿಯ ಲೆಕ್ಕದಲ್ಲಿದ್ದರು.

ಮನೆಗಳು ಸೇರಿದರೆ ಕುಲ: ಫೇಬಿಯಸ್, ಕ್ಲಾಡಿಯಸ್, ಕಾರ್ನೇಲಿಯಸ್, ವಲೇರಿಯಸ್. ಕುಲದ ಬಲ ಎಂಥದ್ದೆಂದರೆ, 477ರಲ್ಲಿ ಫೇಬಿಯಸ್ ಕುಲದ 306 ಮಂದಿ ವೇಯಿ ನಗರದ ವಿರುದ್ಧ ತಮ್ಮದೇ ಯುದ್ಧಕ್ಕೆ ಹೊರಟು ಕ್ರೆಮೆರಾ ಹೊಳೆಯ ಬಳಿ ಮಡಿದರೆಂದು ಸಂಪ್ರದಾಯ ಹೇಳುತ್ತದೆ. ಸಂಖ್ಯೆಯನ್ನು ಬಿಟ್ಟುಬಿಡಿ, ಒಂದು ಕುಲ ತನ್ನ ಪಡೆಯೊಡನೆ ಯುದ್ಧಕ್ಕೆ ಹೋಗಬಹುದಿತ್ತು ಎಂಬ ನೆನಪೇ ಮುಖ್ಯ.

ಕುಲದ ಸುತ್ತ ಆಶ್ರಿತರು. ಆಶ್ರಯದಾತ ಕೋರ್ಟಿನಲ್ಲಿ ಇವರ ಪರ ನಿಲ್ಲಬೇಕು, ಇವರು ಅವನ ಬೆನ್ನಿಗೆ ನಿಲ್ಲಬೇಕು. ಆಶ್ರಿತನಿಗೆ ಮೋಸ ಮಾಡಿದ ಆಶ್ರಯದಾತ ಶಾಪಗ್ರಸ್ತನಾಗಲಿ ಎಂದು ಹನ್ನೆರಡು ಫಲಕಗಳಲ್ಲಿ ಒಂದು ಸಾಲಿದೆ. ಈ ಸಂಬಂಧವನ್ನು ನೆನಪಿನಲ್ಲಿಡಿ. ಮತದಾನದ ಹೆಜ್ಜೆಯಲ್ಲಿ ಮತ್ತೆ ಬೇಕಾಗುತ್ತದೆ.

ಹೆಜ್ಜೆ 3: ಒಂದಲ್ಲ, ಎರಡು ಗೆರೆ ಎಳೆಯಿರಿ

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎಡವುವ ಜಾಗ ಇದು. ಪೆಟ್ರೀಷಿಯನ್ ಎಂದರೆ ಶ್ರೀಮಂತ, ಪ್ಲೆಬಿಯನ್ ಎಂದರೆ ಬಡವ ಎಂದು ಬರೆದುಕೊಂಡರೆ ಮುಂದಿನ ಯಾವ ಘಟನೆಯೂ ಅರ್ಥವಾಗುವುದಿಲ್ಲ.

ಪುಟದಲ್ಲಿ ಒಂದು ನಿಲುಗೆರೆ ಎಳೆಯಿರಿ: ಎಡಕ್ಕೆ ಪೆಟ್ರೀಷಿಯನ್, ಬಲಕ್ಕೆ ಪ್ಲೆಬಿಯನ್. ಇದು ಹುಟ್ಟಿನ ಗೆರೆ. ಪುರೋಹಿತ ಹುದ್ದೆಗಳು ಮತ್ತು ಶಕುನ ನೋಡುವ ಹಕ್ಕು ತಮ್ಮ ಕುಲಗಳಿಗೆ ಮಾತ್ರ ಸೇರಿದ್ದೆಂದು ಎಡಗಡೆಯವರ ವಾದ. ದೇವರ ಸಮ್ಮತಿ ಕೇಳದೆ ಚುನಾವಣೆ ನಡೆಯದು, ಯುದ್ಧ ನಡೆಯದು. ಹಾಗಾಗಿ ಕಾನ್ಸಲ್ ಹುದ್ದೆಯೂ ತಮ್ಮದೇ ಎಂಬುದು ಅವರ ತರ್ಕ. ಈಗ ಒಂದು ಅಡ್ಡಗೆರೆ ಎಳೆಯಿರಿ: ಮೇಲೆ ಉಳ್ಳವರು, ಕೆಳಗೆ ಇಲ್ಲದವರು. ಇದು ಹಣದ ಗೆರೆ.

ನಾಲ್ಕು ಕೋಣೆಗಳಾದವಲ್ಲವೇ? ಬಲಗಡೆಯ ಎರಡು ಕೋಣೆಗಳನ್ನು ದಿಟ್ಟಿಸಿ ನೋಡಿ. ಮೇಲಿನ ಕೋಣೆಯ ಪ್ಲೆಬಿಯನ್‌ಗೆ ಹಣವಿದೆ, ಹುದ್ದೆ ಬೇಕು. ಪೆಟ್ರೀಷಿಯನ್ ಮನೆಯ ಹೆಣ್ಣು ತರುವ ಹಕ್ಕೂ ಬೇಕು. ಕೆಳಗಿನ ಕೋಣೆಯ ಪ್ಲೆಬಿಯನ್‌ಗೆ ಬೇಕಾದದ್ದು ಸಾಲದಿಂದ ಬಿಡುಗಡೆ ಮತ್ತು ಉಳಲು ಭೂಮಿ. ಇಬ್ಬರೂ ಒಂದೇ ಹೆಸರಿನಡಿ ಹೋರಾಡಿದರು, ಬೇಡಿಕೆ ಮಾತ್ರ ಒಂದೇ ಆಗಿರಲಿಲ್ಲ. ಎರಡು ಶತಮಾನಗಳ ಈ ಹೋರಾಟದ ಏರಿಳಿತವೆಲ್ಲ ಈ ವ್ಯತ್ಯಾಸದಲ್ಲಿದೆ.

ಹೆಜ್ಜೆ 4: ಸಾಲದ ಕಾನೂನನ್ನು ದಿನದಿನವಾಗಿ ಲೆಕ್ಕ ಹಾಕಿ

ಇಲ್ಲಿ ಅವಸರ ಮಾಡಬೇಡಿ. 495ನೆಯ ವರ್ಷದ ಒಂದು ದೃಶ್ಯವನ್ನು ಲಿವಿ ಕಟ್ಟಿಕೊಡುತ್ತಾನೆ. ಕೊಳಕು ಬಟ್ಟೆ, ಕೆದರಿದ ಗಡ್ಡ ಮತ್ತು ತಲೆಗೂದಲು, ಬಿಳಿಚಿದ ಮೈಯ ಒಬ್ಬ ಮುದುಕ ಊರಿನ ಚೌಕ ಫೋರಮ್‌ಗೆ ಓಡಿ ಬರುತ್ತಾನೆ. ಸೈನ್ಯದಲ್ಲಿ ಅವನು ಸೆಂಚೂರಿಯನ್, ಅಂದರೆ ದಳದ ನಾಯಕ, ಆಗಿದ್ದನೆಂದು ಜನ ಗುರುತಿಸುತ್ತಾರೆ. ಎದೆಯ ಮೇಲೆ ಯುದ್ಧದ ಗಾಯದ ಕಲೆಗಳು. ಸೇಬೈನರ ಮೇಲಿನ ಯುದ್ಧದಲ್ಲಿ ತಾನಿದ್ದಾಗ ಬೆಳೆ ಹಾಳಾಯಿತು, ಮನೆ ಸುಟ್ಟಿತು, ದನಗಳನ್ನು ಹೊಡೆದುಕೊಂಡು ಹೋದರು, ಅದೇ ಹೊತ್ತಿಗೆ ಯುದ್ಧ ತೆರಿಗೆ ಬಂತು, ಸಾಲ ಮಾಡಿದೆ ಎನ್ನುತ್ತಾನೆ. ಬಡ್ಡಿ ಮೊದಲು ಪಿತ್ರಾರ್ಜಿತ ಹೊಲವನ್ನು ತಿಂದಿತು, ಆಮೇಲೆ ಉಳಿದ ಸೊತ್ತನ್ನು, ಕೊನೆಗೆ ಮೈಯನ್ನು. ಹೀಗೆಂದವನೇ ಬೆನ್ನು ತಿರುಗಿಸಿ ಚಾವಟಿಯ ಹಸಿ ಗಾಯ ತೋರಿಸುತ್ತಾನೆ. ಅಂಚಿನಲ್ಲಿ ‘ಕಥೆ’ ಎಂದು ಗುರುತು ಹಾಕಿ. ಆದರೆ ಕಥೆಯ ಒಳಗಿನ ವ್ಯವಸ್ಥೆ ಕಥೆಯಲ್ಲ.

ಆ ವ್ಯವಸ್ಥೆಯ ಹೆಸರು ‘ನೆಕ್ಸಮ್’. ಕಂಚಿನ ತುಂಡು, ತಕ್ಕಡಿ, ಸಾಕ್ಷಿಗಳ ಎದುರು ಸಾಲಗಾರ ತನ್ನ ದೇಹವನ್ನೇ ಒತ್ತೆ ಇಡುತ್ತಿದ್ದ. ಜೀತವನ್ನು ಕಂಡ, ಕೇಳಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹನ್ನೆರಡು ಫಲಕಗಳ ಮೂರನೆಯ ಫಲಕವನ್ನು ಇಟ್ಟುಕೊಂಡು ಒಂದು ದಿನಚರಿ ಬರೆಯಿರಿ. ಸಾಲ ಒಪ್ಪಿಕೊಂಡ ಅಥವಾ ತೀರ್ಪು ಬಂದ ದಿನದಿಂದ 30 ದಿನ ಕಾಲಾವಕಾಶ. ತೀರಿಸದಿದ್ದರೆ ಸಾಲ ಕೊಟ್ಟವನು ಅವನ ಮೇಲೆ ಕೈಯಿಟ್ಟು ನ್ಯಾಯಾಧಿಕಾರಿಯ ಮುಂದೆ ಎಳೆದು ತರಬಹುದು. ಯಾರೂ ಜಾಮೀನು ನಿಲ್ಲದಿದ್ದರೆ ಮನೆಗೆ ಒಯ್ದು ಕಟ್ಟಿಹಾಕಬಹುದು. ಸಂಕೋಲೆಯ ತೂಕ 15 ಪೌಂಡ್. ರೋಮನ್ ಪೌಂಡ್ ಸುಮಾರು 327 ಗ್ರಾಂ ಆದ್ದರಿಂದ ಇದು ಐದು ಕಿಲೋಗೆ ಹತ್ತಿರ. ಬಂದಿಗೆ ಸ್ವಂತ ಊಟದ ವ್ಯವಸ್ಥೆ ಇಲ್ಲದಿದ್ದರೆ ದಿನಕ್ಕೆ ಒಂದು ಪೌಂಡ್ ಧಾನ್ಯ. ಹೀಗೆ 60 ದಿನ. ಅಷ್ಟರೊಳಗೆ ಸತತ ಮೂರು ಸಂತೆ ದಿನ ಅವನನ್ನು ಸಾರ್ವಜನಿಕ ಸ್ಥಳಕ್ಕೆ ತಂದು ಸಾಲದ ಮೊತ್ತವನ್ನು ಕೂಗಿ ಹೇಳಬೇಕು. ಯಾರಾದರೂ ಬಿಡಿಸಿಕೊಳ್ಳಲಿ ಎಂದು. ಯಾರೂ ಬರದಿದ್ದರೆ ಟೈಬರ್ ನದಿಯಾಚೆ, ಅಂದರೆ ಪರರಾಜ್ಯದಲ್ಲಿ ಗುಲಾಮನಾಗಿ ಮಾರಾಟ, ಇಲ್ಲವೇ ಮರಣ.

ಒಟ್ಟು 90 ದಿನ. ಬಿತ್ತನೆ ಮುಗಿಸಿ ಯುದ್ಧಕ್ಕೆ ಹೋದ ರೈತ ಬೆಳೆ ಕಾಣುವ ಮೊದಲೇ ಈ ಅವಧಿ ಮುಗಿದುಹೋಗಬಹುದು. ಇಷ್ಟೆಲ್ಲ ಕ್ರೂರವಾಗಿದ್ದರೂ ಇದನ್ನು ಬರೆದಿಟ್ಟದ್ದು ಸಾಲಗಾರನಿಗೆ ಒಂದು ಲಾಭವೇ ಆಗಿತ್ತು. ಅದುವರೆಗೆ ಕಾನೂನು ಪೆಟ್ರೀಷಿಯನ್ನರ ನೆನಪಿನಲ್ಲಿತ್ತು, ದಿನಗಳ ಲೆಕ್ಕವೂ ಅವರ ಬಾಯಲ್ಲಿತ್ತು.

ಹೆಜ್ಜೆ 5: ‘ಹೋಗುವುದಿಲ್ಲ’ ಎಂಬ ಮಾತಿನ ಬೆಲೆ ತಿಳಿಯಿರಿ

ಮುದುಕನ ದೃಶ್ಯ ನಡೆದ ಹೊತ್ತಿಗೇ ನೆರೆಯ ವೋಲ್ಸಿಯನ್ನರು ದಂಡೆತ್ತಿ ಬರುತ್ತಿರುವ ಸುದ್ದಿ ಬಂತು. ಸೈನ್ಯಕ್ಕೆ ಹೆಸರು ಕೊಡಲು ಜನ ಒಪ್ಪಲಿಲ್ಲ. ಸೈನಿಕನನ್ನು ಸಾಲಕ್ಕಾಗಿ ಕಟ್ಟಿಹಾಕುವಂತಿಲ್ಲ, ಅವನು ಶಿಬಿರದಲ್ಲಿರುವಾಗ ಆಸ್ತಿಗೆ ಕೈಹಾಕುವಂತಿಲ್ಲ ಎಂದು ಕಾನ್ಸಲ್ ಸರ್ವಿಲಿಯಸ್ ಆಜ್ಞೆ ಹೊರಡಿಸಿದ ಮೇಲೆಯೇ ಅವರು ಹೊರಟದ್ದು. ಯುದ್ಧ ಗೆದ್ದು ಬಂದಾಗ ಇನ್ನೊಬ್ಬ ಕಾನ್ಸಲ್ ಆಪಿಯಸ್ ಕ್ಲಾಡಿಯಸ್ ಸಾಲದ ಮೊಕದ್ದಮೆಗಳಲ್ಲಿ ಕಠಿಣ ತೀರ್ಪು ಕೊಡತೊಡಗಿದ. 494ರಲ್ಲಿ ಪ್ಲೆಬಿಯನ್ನರು ನಗರ ಬಿಟ್ಟು ಅನಿಯೊ ನದಿಯಾಚೆಯ ‘ಪವಿತ್ರ ಗುಡ್ಡ’ಕ್ಕೆ ಹೋಗಿ ಕುಳಿತರು. ಅವರು ಯಾರ ಮೇಲೂ ಕೈಮಾಡಲಿಲ್ಲ, ಇಲ್ಲವಾದರು ಅಷ್ಟೆ. ಸುತ್ತ ಶತ್ರುಗಳಿರುವ ಸಣ್ಣ ನಗರವೊಂದಕ್ಕೆ ಪದಾತಿಗಳಿಲ್ಲದಿರುವುದಕ್ಕಿಂತ ದೊಡ್ಡ ಬೆದರಿಕೆ ಬೇಕಿಲ್ಲ.

ಅಲ್ಲಿ ಹುಟ್ಟಿದ್ದು ಟ್ರಿಬ್ಯೂನ್ ಹುದ್ದೆ. ಇದರ ರಚನೆಯನ್ನು ಗಮನವಿಟ್ಟು ಓದಿ, ಏಕೆಂದರೆ ಇಂಥ ಹುದ್ದೆ ಬೇರೆಡೆ ಅಪರೂಪ. ಟ್ರಿಬ್ಯೂನ್‌ಗೆ ಸೈನ್ಯವಿಲ್ಲ, ಅಧಿಕಾರದ ಗುರುತಾದ ದಂಡದ ಕಟ್ಟು ಹಿಡಿದ ಸೇವಕರಿಲ್ಲ. ಅವನಲ್ಲಿರುವುದು ಅವನ ಮೈ. ಅದನ್ನು ಮುಟ್ಟಿದವನು ದೇವರಿಗೆ ಬಲಿಯಾಗಿ ಸಲ್ಲುತ್ತಾನೆ, ಅವನನ್ನು ಕೊಂದರೆ ಪಾಪವಿಲ್ಲ ಎಂದು ಪ್ಲೆಬಿಯನ್ನರು ಸಾಮೂಹಿಕವಾಗಿ ಪ್ರಮಾಣ ಮಾಡಿದ್ದರು. ಹಾಗಾಗಿ ಅಧಿಕಾರಿಯೊಬ್ಬ ಸಾಲಗಾರನನ್ನು ಎಳೆದೊಯ್ಯುವಾಗ ಟ್ರಿಬ್ಯೂನ್ ನಡುವೆ ಬಂದು ನಿಂತರೆ ಸಾಕು. ಅವನ ಮನೆ ಬಾಗಿಲು ಹಗಲಿರುಳು ತೆರೆದಿರಬೇಕು, ರಾತ್ರಿ ಅವನು ನಗರದ ಹೊರಗೆ ತಂಗುವಂತಿಲ್ಲ. ಅವನ ಅಧಿಕಾರ ನಗರದಿಂದ ಒಂದು ಮೈಲಿಯಾಚೆಗೆ ನಡೆಯದು. ಮೊದಲು ಸಂಖ್ಯೆ ಕಡಿಮೆಯಿತ್ತು, 457ರ ಹೊತ್ತಿಗೆ ಹತ್ತಾಯಿತು. ಪರಸ್ಪರರನ್ನೂ ಅವರು ತಡೆಯಬಹುದಿತ್ತಾದ್ದರಿಂದ, ಹತ್ತರಲ್ಲಿ ಒಬ್ಬನನ್ನು ಒಲಿಸಿಕೊಂಡರೆ ಉಳಿದ ಒಂಬತ್ತು ಮಂದಿಯ ಕೈ ಕಟ್ಟಬಹುದೆಂದು ಸೆನೆಟ್ ಬೇಗನೆ ಕಲಿತಿತು.

ಹೆಜ್ಜೆ 6: ಪ್ರತಿ ಹುದ್ದೆಗೂ ಎರಡೇ ಪ್ರಶ್ನೆ ಕೇಳಿ

ಇವನು ಯಾರನ್ನು ತಡೆಯಬಲ್ಲ? ಇವನನ್ನು ಯಾರು ತಡೆಯಬಲ್ಲರು? ಹುದ್ದೆಯ ಹೆಸರಿನ ಮುಂದೆ ಈ ಎರಡು ಉತ್ತರ ಬರೆಯಿರಿ, ಸಾಕು.

ಕಾನ್ಸಲ್‌ಗೆ ಅರಸನ ಆಜ್ಞಾಧಿಕಾರ, ಅಂದರೆ ‘ಇಂಪೇರಿಯಮ್’, ಹೆಚ್ಚುಕಡಿಮೆ ಪೂರ್ಣವಾಗಿಯೇ ಬಂತು. ಅವನ ಮುಂದೆ ಲಿಕ್ಟರ್ ಎಂಬ ಹನ್ನೆರಡು ಸೇವಕರು ದಂಡದ ಕಟ್ಟು ಹೊತ್ತು ನಡೆಯುತ್ತಿದ್ದರು. ಆದರೆ ಅವನ ಅವಧಿ ಒಂದೇ ವರ್ಷ, ಅಷ್ಟೇ ಅಧಿಕಾರದ ಜೊತೆಗಾರನೊಬ್ಬ ತಡೆಯಲು ಪಕ್ಕದಲ್ಲೇ ಇದ್ದಾನೆ. ನಗರದೊಳಗೆ ದಂಡದ ಕಟ್ಟಿನಿಂದ ಕೊಡಲಿಯನ್ನು ತೆಗೆದಿಡಬೇಕು, ಏಕೆಂದರೆ ನಾಗರಿಕನಿಗೆ ಮರಣದಂಡನೆಯ ವಿರುದ್ಧ ಜನರ ಮೊರೆ ಹೋಗುವ ಹಕ್ಕಿದೆ. ಬಿಕ್ಕಟ್ಟಿನಲ್ಲಿ ನೇಮಿಸುವ ಡಿಕ್ಟೇಟರ್‌ಗೆ ಜೊತೆಗಾರನಿಲ್ಲ, ಅದರ ಬದಲು ಅವಧಿಯೇ ಗರಿಷ್ಠ ಆರು ತಿಂಗಳು. 458ರಲ್ಲಿ ಹೊಲದಿಂದ ಕರೆದುತಂದ ಸಿನ್ಸಿನಾಟಸ್ ಹದಿನಾರನೆಯ ದಿನ ಹುದ್ದೆ ಬಿಟ್ಟನೆಂಬ ಕಥೆಯನ್ನು ರೋಮನ್ನರು ಶತಮಾನಗಳ ಕಾಲ ಹೇಳುತ್ತಲೇ ಇದ್ದರು.

ಕ್ವೀಸ್ಟರ್ ಖಜಾನೆಯವನು. 443ರಿಂದ ಬಂದ ಸೆನ್ಸರ್‌ಗಳು ಜನಗಣತಿ, ಆಸ್ತಿಗಣತಿ ಮಾಡುವವರು. 366ರಿಂದ ಬಂದ ಪ್ರೇಟರ್ ನ್ಯಾಯದಾನ ನೋಡುವವನು. ಸೆನೆಟ್‌ಗೆ ಕಾನೂನು ಮಾಡುವ ಅಧಿಕಾರವೇ ಇರಲಿಲ್ಲ, ಅದು ಸಲಹೆ ಕೊಡುವ ಸಭೆ. ಆದರೆ ಒಂದು ವರ್ಷಕ್ಕೆ ಬಂದು ಹೋಗುವ ಕಾನ್ಸಲ್, ಜೀವಮಾನವಿಡೀ ಅಲ್ಲೇ ಕೂತಿರುವ ಮಾಜಿ ಕಾನ್ಸಲ್‌ಗಳ ಸಲಹೆಯನ್ನು ಮೀರುವುದು ಸುಲಭವಿರಲಿಲ್ಲ. ಮುಂದಿನ ವರ್ಷದಿಂದ ಅವನೂ ಅವರ ನಡುವೆಯೇ ಕೂರಬೇಕಾದವನು.

ಹೆಜ್ಜೆ 7: ಮತಗಳನ್ನು ಕೂಡಿಸಿ

ಪೆನ್ಸಿಲ್ ತೆಗೆದುಕೊಳ್ಳಿ. ಕಾನ್ಸಲ್‌ಗಳನ್ನು ಆರಿಸುತ್ತಿದ್ದ ಸೆಂಚುರಿ ಸಭೆಯಲ್ಲಿ ತಲೆಗೊಂದು ಮತವಿರಲಿಲ್ಲ, ‘ಸೆಂಚುರಿ’ ಎಂಬ ತಂಡಕ್ಕೊಂದು ಮತ. ಡಯೋನೀಸಿಯಸ್ ಕೊಡುವ ಲೆಕ್ಕ ಹೀಗಿದೆ: ಕುದುರೆ ಸವಾರರು 18, ಆಸ್ತಿಯ ಮೊದಲ ವರ್ಗ 80, ಎರಡನೆಯದು 20, ಮೂರನೆಯದು 20, ನಾಲ್ಕನೆಯದು 20, ಐದನೆಯದು 30, ಕುಶಲಕರ್ಮಿಗಳು, ಕಹಳೆಯವರು ಮತ್ತು ಆಸ್ತಿಯಿಲ್ಲದವರು ಸೇರಿ 5. ಒಟ್ಟು 193, ಬಹುಮತಕ್ಕೆ 97.

ಮೊದಲ ಎರಡನ್ನು ಕೂಡಿಸಿ: 98. ಸವಾರರೂ ಮೊದಲ ವರ್ಗವೂ ಒಂದಾದರೆ ಉಳಿದವರನ್ನು ಕರೆಯುವ ಅಗತ್ಯವೇ ಇಲ್ಲ. ಆಸ್ತಿಯಿಲ್ಲದವರೆಲ್ಲರನ್ನೂ ಒಂದೇ ಸೆಂಚುರಿಗೆ ತುಂಬಿ ಒಂದೇ ಮತ ಕೊಟ್ಟಿದ್ದರು. ಲಿವಿ ಇದನ್ನು ಅರಸರ ಕಾಲದ ಏರ್ಪಾಡೆಂದು ಹೇಳಿದರೂ ಈ ಪೂರ್ಣರೂಪ ಬಂದದ್ದು ನಂತರ, ಹಾಗಾಗಿ ‘ಸಂಪ್ರದಾಯ’ ಎಂದು ಗುರುತು ಹಾಕಿ. ಒಲವು ಯಾರ ಕಡೆಗಿತ್ತೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

471ರಿಂದ ಟ್ರಿಬ್ಯೂನರ ಆಯ್ಕೆ ಪಂಗಡಗಳ ಪ್ರಕಾರ ನಡೆಯಿತು. ಪಂಗಡ ಎಂದರೆ ವಾಸಿಸುವ ಪ್ರದೇಶದ ವಿಭಾಗ. ಆಗ ಅವು 21, ಬಹುಮತಕ್ಕೆ 11. ಇಲ್ಲಿ ಆಸ್ತಿಯ ಮೆಟ್ಟಿಲಿಲ್ಲದ್ದರಿಂದ ಸಣ್ಣ ಹಿಡುವಳಿದಾರನ ದನಿ ಕೇಳುತ್ತಿತ್ತು. ಇನ್ನೊಂದು ವಿವರ: ಚುನಾವಣೆಗಳಲ್ಲಿ ಗುಪ್ತಮತದಾನ ಬಂದದ್ದು 139ರಲ್ಲಿ. ಅಲ್ಲಿಯವರೆಗೆ ಮತವನ್ನು ಬಾಯಿಬಿಟ್ಟು ಹೇಳಬೇಕಿತ್ತು. ಎರಡನೆಯ ಹೆಜ್ಜೆಯ ಆಶ್ರಿತನನ್ನು ಇಲ್ಲಿ ನಿಲ್ಲಿಸಿ ನೋಡಿ, ಆಶ್ರಯದಾತನ ಕಿವಿಗೆ ಬೀಳುವಂತೆ ಅವನು ಯಾವ ಹೆಸರು ಹೇಳಿಯಾನು?

ಹೆಜ್ಜೆ 8: ಕಾನೂನುಗಳನ್ನು ಕಾಲರೇಖೆಯ ಮೇಲೆ ಕೂರಿಸಿ

ಮೊದಲ ಹೆಜ್ಜೆಯ ಗೆರೆಗೆ ಮರಳಿ. ಹುದ್ದೆ, ಮದುವೆ, ಗೌರವದ ವಿಷಯಗಳನ್ನು ಗೆರೆಯ ಮೇಲೆ ಬರೆಯಿರಿ, ಸಾಲ ಮತ್ತು ಭೂಮಿಯವನ್ನು ಕೆಳಗೆ.

ಮೇಲ್ಗಡೆ: 451–450ರಲ್ಲಿ ಹತ್ತು ಮಂದಿಯ ಸಮಿತಿಗಳು ಬರೆದ ಹನ್ನೆರಡು ಫಲಕಗಳಲ್ಲಿ ಪೆಟ್ರೀಷಿಯನ್–ಪ್ಲೆಬಿಯನ್ ಮದುವೆಗೆ ನಿಷೇಧ. 445ರಲ್ಲಿ ಟ್ರಿಬ್ಯೂನ್ ಕನುಲೇಯಸ್‌ನ ಕಾನೂನಿನಿಂದ ಆ ನಿಷೇಧ ರದ್ದು. 409ರಲ್ಲಿ ಮೊದಲ ಪ್ಲೆಬಿಯನ್ ಕ್ವೀಸ್ಟರ್‌ಗಳು. 366ರಲ್ಲಿ ಪ್ಲೆಬಿಯನ್ ಕಾನ್ಸಲ್, 356ರಲ್ಲಿ ಡಿಕ್ಟೇಟರ್, 351ರಲ್ಲಿ ಸೆನ್ಸರ್, 337ರಲ್ಲಿ ಪ್ರೇಟರ್. 300ರ ಒಗುಲ್ನಿಯನ್ ಕಾನೂನಿನಿಂದ ಪುರೋಹಿತ ಮಂಡಲಿಗಳ ಬಾಗಿಲೂ ತೆರೆಯಿತು. ಕೆಳಗಡೆ: 367ರ ಸಾಲ ಮತ್ತು ಭೂಮಿಯ ಕಾನೂನುಗಳು. 326ರ ಪೊಯೆಟೀಲಿಯನ್ ಕಾನೂನು, ನೆಕ್ಸಮ್‌ನ ಅಂತ್ಯ. ಇನ್ನು ಸಾಲಕ್ಕೆ ಆಸ್ತಿ ಹೊಣೆಯೇ ಹೊರತು ಮೈ ಅಲ್ಲ. 287ರದು ಎರಡೂ ಕಡೆ ಸೇರುತ್ತದೆ. ಸಾಲದ ಕಾರಣಕ್ಕೆ ಜನ ಜನಿಕ್ಯುಲಮ್ ಗುಡ್ಡ ಹತ್ತಿದರು. ಡಿಕ್ಟೇಟರ್ ಹಾರ್ಟೆನ್ಸಿಯಸ್‌ನ ಕಾನೂನಿನಿಂದ ಪ್ಲೆಬಿಯನ್ ಸಭೆಯ ನಿರ್ಣಯ ಇಡೀ ರೋಮಿಗೆ ಕಡ್ಡಾಯವಾಯಿತು.

ಎರಡು ಸಾಲುಗಳನ್ನೂ ಹೋಲಿಸಿ. ಮೇಲಿನದು ಕಿಕ್ಕಿರಿದಿದೆ, ಕೆಳಗಿನದು ಬಿಡಿಬಿಡಿಯಾಗಿದೆ. 494ರಲ್ಲಿ ಜನ ಮೊದಲ ಸಲ ನಗರ ಬಿಟ್ಟು ಹೋದಂದಿನಿಂದ ನೆಕ್ಸಮ್ ಹೋಗುವವರೆಗೆ 168 ವರ್ಷ ಹಿಡಿಯಿತು.

ಹೆಜ್ಜೆ 9: ಒಂದು ಪ್ರಕರಣವನ್ನು ಕೈಗೆತ್ತಿಕೊಂಡು ಬಿಡಿಸಿ

ಕಲಿತದ್ದನ್ನು ಒರೆಗೆ ಹಚ್ಚಲು 367ಕ್ಕಿಂತ ಒಳ್ಳೆಯ ಪ್ರಕರಣವಿಲ್ಲ. ಟ್ರಿಬ್ಯೂನರಾದ ಲಿಸಿನಿಯಸ್ ಸ್ಟೋಲೊ ಮತ್ತು ಲೂಸಿಯಸ್ ಸೆಕ್ಸ್‌ಟಿಯಸ್ ಮೂರು ಮಸೂದೆ ತಂದರು. ಕೊಟ್ಟ ಬಡ್ಡಿಯನ್ನು ಅಸಲಿನಿಂದ ಕಳೆದು ಉಳಿದದ್ದನ್ನು ಮೂರು ವರ್ಷಗಳ ಕಂತಿನಲ್ಲಿ ತೀರಿಸುವುದು. ಯಾರೊಬ್ಬರೂ 500 ಯುಗೇರಾ, ಅಂದರೆ ಸುಮಾರು 310 ಎಕರೆಗಿಂತ ಹೆಚ್ಚು ಭೂಮಿ ಹಿಡಿಯದಿರುವುದು. ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬ ಪ್ಲೆಬಿಯನ್ ಆಗಿರುವುದು.

ಮೂರನೆಯ ಹೆಜ್ಜೆಯ ನಾಲ್ಕು ಕೋಣೆಗಳನ್ನು ಮುಂದಿಟ್ಟುಕೊಂಡು ಕೇಳಿ: ಯಾವ ಮಸೂದೆ ಯಾರಿಗೆ ಬೇಕಿತ್ತು? ಲಿವಿಯ ಪ್ರಕಾರ ಜನ ಮೊದಲ ಎರಡನ್ನು ಒಪ್ಪಿ ಮೂರನೆಯದನ್ನು ಬಿಡಲು ಸಿದ್ಧರಿದ್ದರು. ಟ್ರಿಬ್ಯೂನರು ಬಿಡಲಿಲ್ಲ. ಮೂರೂ ಒಟ್ಟಿಗೆ, ಇಲ್ಲವಾದರೆ ಒಂದೂ ಇಲ್ಲ ಎಂದು ಹಟ ಹಿಡಿದರು. ಸಾಲಗಾರನ ಹಸಿವಿಗೆ ಉಳ್ಳವನ ಆಸೆಯನ್ನು ಗಂಟು ಹಾಕಿದ್ದರಿಂದಲೇ ಮೂರೂ ಗೆದ್ದವು. ನಡುವೆ ಐದು ವರ್ಷ ಟ್ರಿಬ್ಯೂನರು ಉನ್ನತ ಚುನಾವಣೆಗಳನ್ನೇ ನಡೆಯಗೊಡಲಿಲ್ಲವೆಂದು ಲಿವಿ ಹೇಳುವ ಮಾತನ್ನು ‘ಸಂಪ್ರದಾಯ’ದ ಪಟ್ಟಿಗೆ ಸೇರಿಸಿ. ಕಾಲಗಣನೆಯ ಕೊರತೆ ತುಂಬಲು ಸೇರಿಸಿದ ವರ್ಷಗಳೆಂದು ಅನೇಕ ಇತಿಹಾಸಕಾರರು ಅದನ್ನು ಕಾಣುತ್ತಾರೆ.

366ರಲ್ಲಿ ಸೆಕ್ಸ್‌ಟಿಯಸ್ ಕಾನ್ಸಲ್ ಆದ. 357ರಲ್ಲಿ ಲಿಸಿನಿಯಸ್‌ಗೆ ಅವನದೇ ಭೂಕಾನೂನಿನ ಅಡಿಯಲ್ಲಿ 10,000 ಆಸ್ (ಕಂಚಿನ ಹಣ) ದಂಡ ಬಿತ್ತು. ಮಗನನ್ನು ತನ್ನ ಅಧಿಕಾರದಿಂದ ಬಿಡುಗಡೆ ಮಾಡಿ, ಇಬ್ಬರ ಹೆಸರಿನಲ್ಲಿ 1,000 ಯುಗೇರಾ ಇಟ್ಟುಕೊಂಡಿದ್ದ ಎಂಬುದು ಅಪರಾಧ.

ಮುಂದಿನ ಅಭ್ಯಾಸವನ್ನು ನೀವೇ ಮಾಡಿ. ಕಾನ್ಸಲ್‌ಗಳ ವಾರ್ಷಿಕ ಪಟ್ಟಿ ಯಾವುದೇ ಒಳ್ಳೆಯ ಗ್ರಂಥಾಲಯದಲ್ಲಿ, ಅಂತರ್ಜಾಲದಲ್ಲಿ ಸಿಗುತ್ತದೆ. 366ರಿಂದ 287ರವರೆಗಿನ ಪ್ಲೆಬಿಯನ್ ಹೆಸರುಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಯಾವ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ, ಹೊಸ ಹೆಸರು ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಎಣಿಸಿ, ಆ ಸಂಖ್ಯೆಯನ್ನು ನಾಲ್ಕು ಕೋಣೆಗಳ ಚಿತ್ರದ ಪಕ್ಕದಲ್ಲೇ ಬರೆದಿಡಿ.